ವಂಕಿ ಹಾಕಿಸಿಕೊಂಡರೆ ಮುಂದೆ ಮಕ್ಕಳಾಗಲ್ವಾ?

ಹಾಸನದ ಕಡೆಯ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಆಗಾಗ ಸುತ್ತುವ ಮೆಸೇಜ್ ಇದು: ಇನ್ನೂ ಮಕ್ಕಳಾಗದವರು ವಂಕಿ, ಅಂದರೆ ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ, ಹಾಕಿಸಿಕೊಂಡರೆ ಬಂಜೆತನ ಬರುತ್ತದಂತೆ. ಮದುವೆಯಾಗಿ ಎರಡು ವರ್ಷ ಕಾಯೋಣ ಅಂದುಕೊಂಡವರೂ ಇದನ್ನು ಓದಿ ಹಿಂದೆ ಸರಿಯುತ್ತಾರೆ. ಕಳಿಸುವವರದು ಕಾಳಜಿಯೇ, ಅದರಲ್ಲಿ ಅನುಮಾನವಿಲ್ಲ.

ಆದರೆ ಮಾತು ತಪ್ಪು. ಕಾಪರ್-ಟಿಯ ತಾಮ್ರ ವೀರ್ಯಾಣುಗಳ ಓಡಾಟವನ್ನು ತಡೆಯುತ್ತದೆ. ತೆಗೆಸಿದ ಮೇಲೆ ಗರ್ಭ ನಿಲ್ಲುವ ಶಕ್ತಿ ಬೇಗ ಮರಳುತ್ತದೆ. 380ಎ ಮಾದರಿ 10 ವರ್ಷ ಕೆಲಸ ಮಾಡುತ್ತದೆ, ಬೇಕಾದಾಗ ಮೊದಲೇ ತೆಗೆಸಬಹುದು.

ಭಯ ಹುಟ್ಟಿದ್ದು ಎಲ್ಲಿಂದ? 1970ರ ದಶಕದಲ್ಲಿ ಅಮೆರಿಕದಲ್ಲಿ ಮಾರಾಟವಾದ, ಗರ್ಭಕೋಶದೊಳಗೆ ಇಡುವ ಇಂಥದೇ ಒಂದು ಸಾಧನದ ದಾರದಿಂದ ಸೋಂಕು ಹರಡಿ ಕೆಲವರಿಗೆ ತೊಂದರೆಯಾಗಿತ್ತು. ಈಗಿನ ದಾರವೇ ಬೇರೆ. ಹಾಕಿದ ಮೊದಲ ಮೂರು ವಾರ ಸೋಂಕಿನ ಸಾಧ್ಯತೆ ಸ್ವಲ್ಪ ಜಾಸ್ತಿ, ಅದಕ್ಕೇ ಮೊದಲು ಪರೀಕ್ಷೆ ಮಾಡುತ್ತಾರೆ. ಮುಟ್ಟಿನಲ್ಲಿ ರಕ್ತಸ್ರಾವ, ನೋವು ಹೆಚ್ಚಬಹುದು, ಅದು ನಿಜ.

ಗರ್ಭ ನಿಲ್ಲದಂತೆ ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್ ಕಥೆ ಬೇರೆ. ಕೊನೆಯ ಡೋಸ್ ಆದ ಮೇಲೆ ಗರ್ಭ ನಿಲ್ಲಲು ಸಾಮಾನ್ಯವಾಗಿ 7ರಿಂದ 10 ತಿಂಗಳು ಬೇಕು. ತಡ ಅಂದರೆ ಬಂಜೆತನ ಅಲ್ಲ, ಅಲ್ವಾ?

ಪರೀಕ್ಷಿಸುವುದು ಸುಲಭ. ಮೆಸೇಜ್‌ನಲ್ಲಿ ಯಾವ ಸಾಧನ, ಯಾವ ವರ್ಷ ಅಂತ ಇದೆಯಾ ನೋಡಿ. ಆಸ್ಪತ್ರೆಯಲ್ಲಿ ಪ್ಯಾಕೆಟ್‌ನ ಮಾಹಿತಿ ಚೀಟಿ ಕೇಳಿ ಓದಿ. ಊರಿನ ಆಶಾ ಕಾರ್ಯಕರ್ತೆಯನ್ನೋ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನೋ ಒಂದೇ ಪ್ರಶ್ನೆ ಕೇಳಿ: 'ತೆಗೆಸಿದ ಮೇಲೆ ಎಷ್ಟು ದಿನಕ್ಕೆ ಮಗು ಆಗಬಹುದು?'