ಬಲೆ, ಬಳೆ ಎರಡನ್ನೂ ಒಂದೇ ದಿನ ಕಲಿತವರು ಯಾರಾದರೂ ಇದ್ದೀರಾ?

ನಿನ್ನೆ ಸಂಜೆಯಿಂದ ಸಿಟ್ಟು ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಪಕ್ಕದ ಮನೆಯ 7ನೇ ಕ್ಲಾಸಿನ ಹುಡುಗಿ ನೋಟ್‌ಬುಕ್ ಹಿಡಿದುಕೊಂಡು ಬಂದಳು. ಪುಟದ ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಆಚೆ 20 ಇಂಗ್ಲಿಷ್ ಪದ, ಈಚೆ 20. ಎಲ್ಲವೂ ಜೋಡಿ. ನೋಡಲು ಒಂದೇ ಥರ, ಅರ್ಥ ಬೇರೆ. ಬೆಳಗ್ಗೆ ಟೆಸ್ಟ್. "ಟೀಚರ್, ಕಣ್ಣು ಮುಚ್ಚಿದ್ರೆ ಎಲ್ಲಾ ಕಲಸಿಹೋಗತ್ತೆ" ಅಂದಳು. ಅಳುವುದೊಂದು ಬಾಕಿ.

ಕಲಸಿಹೋಗದೆ ಇನ್ನೇನಾಗುತ್ತದೆ? ಅವಳಿ ಮಕ್ಕಳನ್ನು ಒಟ್ಟಿಗೆ ತಂದು ನಿಲ್ಲಿಸಿ, ಇವನು ರಾಮ, ಇವನು ಲಕ್ಷ್ಮಣ ಅಂತ ಒಂದೇ ಉಸಿರಿಗೆ ಹೇಳಿದರೆ ಯಾರಿಗೆ ನೆನಪಿರುತ್ತದೆ?

ನಾವು ಕನ್ನಡ ಹೀಗೆ ಕಲಿತೆವಾ? ಬಳೆ ಗೊತ್ತಾಗಿದ್ದು ಜಾತ್ರೆಯಲ್ಲಿ, ಬಳೆಗಾರ ಕೈ ಹಿಂಡಿ ತೊಡಿಸಿದಾಗ. ಬಲೆ ಗೊತ್ತಾಗಿದ್ದು ಕೆರೆ ಏರಿಯ ಮೇಲೆ, ಮೀನು ಹಿಡಿಯುವುದನ್ನು ನೋಡುತ್ತಾ ನಿಂತಾಗ. ಹಲ್ಲಿ ಗೋಡೆಯ ಮೇಲಿತ್ತು, ಹಳ್ಳಿ ಬಸ್ಸು ಇಳಿದರೆ ಸಿಗುತ್ತಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಯಾರೂ ನಮ್ಮನ್ನು ಹೆದರಿಸಲಿಲ್ಲ.

'ಸ್ಟೇಷನರಿ' ತೆಗೆದುಕೊಳ್ಳಿ. ಕೊನೆಯ 'ರಿ'ಗೆ ಮುಂಚೆ 'ಎ' ಇದ್ದರೆ ನಿಂತಲ್ಲೇ ಇರುವುದು, 'ಇ' ಇದ್ದರೆ ಪೆನ್ನು ಪೇಪರ್. ನೋಟ್‌ಬುಕ್ಕಿನಲ್ಲಿ ಇದ್ದದ್ದು ಇಷ್ಟೇ. ಎಷ್ಟು ಚೆಂದದ ಕತೆ ಬಿಟ್ಟುಹೋಗಿದೆ! ಹಿಂದೆ ಯುರೋಪಿನಲ್ಲಿ ಎಷ್ಟೋ ವ್ಯಾಪಾರಿಗಳು ಊರೂರು ಸುತ್ತಿ ಮಾರುತ್ತಿದ್ದರು. ಪುಸ್ತಕದವರು ಮಾತ್ರ ವಿಶ್ವವಿದ್ಯಾಲಯಗಳ ಹತ್ತಿರ ಒಂದೇ ಕಡೆ ಅಂಗಡಿ ಹಾಕಿ ಕೂತರು. ಅಲ್ಲಾಡದೆ ಕೂತವರಾದ್ದರಿಂದ ಅವರು ಸ್ಟೇಷನರ್. ಅವರ ಸಾಮಾನು ಸ್ಟೇಷನರಿ. ಬೇಕರ್‌ನಿಂದ ಬೇಕರಿ ಆದ ಹಾಗೆ, ಆ 'ಇ' ಹಾಗೇ ಉಳಿಯಿತು. ಎರಡೂ ಪದ ಒಂದೇ ಮನೆಯವು. ಹೇಳುವುದಕ್ಕೆ ಎರಡು ನಿಮಿಷ ಸಾಕು.

'ಡೆಸರ್ಟ್' ಕೂಡ ಅಷ್ಟೇ. ಎರಡು 'ಎಸ್' ಇರುವುದು ಊಟದ ಕೊನೆಯ ಸಿಹಿ. ಮೇಜಿನ ಮೇಲಿನದನ್ನು ಎತ್ತಿಡುವುದಕ್ಕೆ ಫ್ರೆಂಚರು ಹೇಳುತ್ತಿದ್ದ ಮಾತಿನಿಂದ ಬಂತು. ತಟ್ಟೆ ಎತ್ತಿದ ಮೇಲೆ ಬರುವ ಸಿಹಿ. ಒಂದೇ 'ಎಸ್' ಇರುವ ಮರುಭೂಮಿ ಅಂದರೆ ಬಿಟ್ಟುಹೋದ ಜಾಗ. ಹೇಳುವಾಗ ಮರುಭೂಮಿಗೆ ಒತ್ತು ಮೊದಲಿಗೆ, ಸಿಹಿಗೆ ಕೊನೆಗೆ.

"ಪರೀಕ್ಷೆಯಲ್ಲಿ ಜೋಡಿಯಾಗೇ ಕೇಳ್ತಾರೆ ಮೇಡಂ" ಅನ್ನುತ್ತಾರೆ ಈಗ ಪಾಠ ಮಾಡುವವರು. ಕೇಳಲಿ. ಜೂನ್‌ನಲ್ಲಿ ಒಂದು ಪದ ಕಲಿಸಿ, ಆಗಸ್ಟ್‌ನಲ್ಲಿ ಇನ್ನೊಂದು. ಎರಡೂ ಗಟ್ಟಿಯಾದ ಮೇಲೆ ಪಕ್ಕಪಕ್ಕ ಇಡಿ. ಪರೀಕ್ಷೆ ಬರುವುದು ಮಾರ್ಚಿಗೆ ಅಲ್ವಾ?

ಇಷ್ಟು ಜೋರಾಗಿ ಹೇಳುವುದಕ್ಕೆ ಕಾರಣವಿದೆ. ಬೋರ್ಡಿನ ಮೇಲೆ ಅದೇ ಗೆರೆ ನಾನೂ ವರ್ಷಗಟ್ಟಲೆ ಎಳೆದಿದ್ದೇನೆ. ಮುಖ್ಯಸ್ಥರ 'ಪ್ರಿನ್ಸಿಪಲ್' ಬದಲು ತತ್ವ ಅನ್ನುವ ಅರ್ಥದ 'ಪ್ರಿನ್ಸಿಪಲ್' ಬರೆದ ಹುಡುಗನೊಬ್ಬನಿಂದ 100 ಸಲ ಬರೆಸಿದೆ. ಮರುದಿನ ತಂದ. ಅರ್ಧ ದಾಟಿದ ಮೇಲೆ ಮತ್ತೆ ತಪ್ಪು, ಕೊನೆಯವರೆಗೂ ತಪ್ಪು. ಕೈ ನೋವಿಗೆ ಅಕ್ಷರ ಓರೆಯಾಗಿತ್ತು. ಬ್ಯಾಂಕಿನ ಸಾಲದಲ್ಲಿ ಅಸಲಿಗೂ ಅದೇ ಹೆಸರು, ಕಾಲೇಜಿನ ಮುಖ್ಯಸ್ಥರಿಗೂ ಅದೇ ಹೆಸರು, ಎರಡೂ 'ಮುಖ್ಯವಾದದ್ದು', ಎರಡರ ಕೊನೆಗೂ 'ಎ', 'ಎಲ್' ಅಂತ ಹೇಳಿದ್ದರೆ ಸಾಕಿತ್ತು. ಅಸಲು, ಬಡ್ಡಿ ಎರಡೂ ಮಾತು ಅವನ ಮನೆಯಲ್ಲಿ ದಿನಾ ಕೇಳುತ್ತಿದ್ದವು. ನಾನು ಹೇಳಲಿಲ್ಲ. ಆ ಓರೆ ಅಕ್ಷರ ಇನ್ನೂ ಕಣ್ಣ ಮುಂದಿದೆ.

ನಿನ್ನೆ ಕೊನೆಗೆ ತೆಗೆದುಕೊಂಡದ್ದು 'ಲೂಸ್'. ಕಳೆದುಕೊಳ್ಳುವುದಕ್ಕೂ ಸಡಿಲಕ್ಕೂ ಹುಡುಗಿ ಕನ್ನಡದಲ್ಲಿ 'ಲೂಸ್' ಅಂತಲೇ ಬರೆದುಕೊಂಡಿದ್ದಳು. ನಾವೂ ಸಾಮಾನ್ಯವಾಗಿ ಹಾಗೇ ಬರೆಯುತ್ತೇವಲ್ಲ? ಗಂಟಲ ಮೇಲೆ ಬೆರಳಿಡು ಅಂದೆ. ಕಳೆದುಕೊಳ್ಳುವುದಕ್ಕೆ ಒಂದೇ 'ಓ', ಕೊನೆಗೆ ದುಂಬಿಯ ಸದ್ದು, ಗಂಟಲು ನಡುಗುತ್ತದೆ. ಸಡಿಲಕ್ಕೆ ಎರಡು 'ಓ', ಕೊನೆಗೆ ಹಾವಿನ ಬುಸ್, ಗಂಟಲು ಸುಮ್ಮನಿರುತ್ತದೆ. ಐದಾರು ಸಲ ಮಾಡಿದಳು. ಆಮೇಲೆ ಕಣ್ಣರಳಿಸಿ, "ಟೀಚರ್, ಕಣ್ಣು ಮುಚ್ಚಿದ್ರೂ ಗೊತ್ತಾಗತ್ತೆ!"

ಬೆರಳು ಗಂಟಲ ಮೇಲೆ ಇಟ್ಟುಕೊಂಡೇ ಗೇಟು ದಾಟಿದಳು. ಇನ್ನೂ 17 ಜೋಡಿ ಬಾಕಿ ಇದ್ದವು. ಟೆಸ್ಟ್ ಹೇಗಾಯಿತು ಅಂತ ಕೇಳಲು ಸಂಜೆಗೆ ಕಾಯುತ್ತಾ ಕೂತಿದ್ದೇನೆ.