ಸತ್ಯಾಂಶ: ಸೋಲಾರ್ ಕುಕ್ಕರ್ ಅಡುಗೆ ತಿಂದರೆ ಕ್ಯಾನ್ಸರ್ ಬರುತ್ತದೆಯೇ?

"ಸೋಲಾರ್ ಕುಕ್ಕರ್ ಅಡುಗೆಯಲ್ಲಿ ಬಿಸಿಲಿನ ವಿಕಿರಣ ಉಳಿಯುತ್ತದೆ, ಸತ್ವ ಸಾಯುತ್ತದೆ, ತಿಂದರೆ ಕ್ಯಾನ್ಸರ್" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಆಳಂದ ಕಡೆಯ ಹಳ್ಳಿಯೊಂದರಲ್ಲಿ ಸಂಘದ ಹೆಣ್ಣುಮಕ್ಕಳಿಗೆ ಈ ಅಡುಗೆ ಕಲಿಸುವಾಗ ಒಬ್ಬರು ಮೊಬೈಲ್ ಮುಂದೆ ಹಿಡಿದರು: "ಅಕ್ಕಾರ, ಇದು ಖರೇ ಏನ್ರೀ?"

ಖರೇ ಅಲ್ಲ. ಸೋಲಾರ್ ಕುಕ್ಕರ್ ಎಂದರೆ ಗಾಜು ಮುಚ್ಚಿದ ಪೆಟ್ಟಿಗೆ; ಕನ್ನಡಿಯೊಂದು ಬಿಸಿಲನ್ನು ಅದರೊಳಕ್ಕೆ ತಿರುಗಿಸುತ್ತದೆ. ಒಳಗಿನ ಕಪ್ಪು ಬಳಿದ ಪಾತ್ರೆ ಬೆಳಕನ್ನು ಹೀರಿ ಕಾಯುತ್ತದೆ, ಮೇಲಿನ ಗಾಜು ಆ ಕಾವನ್ನು ಹೊರಹೋಗಲು ಬಿಡುವುದಿಲ್ಲ. ಮುಚ್ಚಿದ ಪಾತ್ರೆಯೊಳಗಿನ ಬೇಳೆಗೆ ತಾಗುವುದು ಬರೀ ಬಿಸಿ, ಒಲೆಯ ಬಿಸಿಯಂಥದ್ದೇ. ಬೆಳಕು ಅನ್ನದಲ್ಲಿ ಕೂತು ಉಳಿಯುವ ವಸ್ತುವಲ್ಲ. ನೆನೆಸಿಟ್ಟ ತೊಗರಿಬೇಳೆ ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಎರಡು ಮೂರು ತಾಸಿನಲ್ಲಿ ಬೆರಳಿಗೆ ಹಿಸುಕಿದರೆ ಕರಗುವಷ್ಟು ಮೆತ್ತಗಾಗುತ್ತದೆ.

ನಿಜವಾದ ಎಚ್ಚರ ಬೇರೆಡೆ ಬೇಕು. ಮೋಡ ಕವಿದು ಅರೆಬೆಂದದ್ದನ್ನು ಪೆಟ್ಟಿಗೆಯಲ್ಲೇ ಸಂಜೆತನಕ ಬಿಡಬೇಡಿ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಕೂಡಲೇ ಒಲೆಗೇರಿಸಿ ಬೇಯಿಸಿ. ಬಿಸಿಲು ಹೊಳೆಯುವ ಕುಕ್ಕರಿನ ಕನ್ನಡಿಯನ್ನು ನೇರ ನೋಡಬೇಡಿ.

"ಸತ್ವ ಸಾಯುತ್ತದೆ" ಎಂಬ ಮಾತಿನಲ್ಲಿ ಒಂಚೂರು ಹುರುಳಿದೆ, ಆದರೆ ಅದು ಒಣಗಿಸುವ ವಿಷಯದಲ್ಲಿ. ಮಾಳಿಗೆ ಮೇಲೆ ನೇರ ಬಿಸಿಲಿಗೆ ಹರವಿದ ಮೆಂತ್ಯ ಸೊಪ್ಪಿನಲ್ಲಿ ಎ, ಸಿ ವಿಟಮಿನ್‌ಗಳು ಬಹಳ ಇಳಿಯುತ್ತವೆ. ನೆರಳಲ್ಲಿ, ಗಾಳಿಯಾಡುವಂತೆ, ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಒಣಗಿಸಿ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿಡಿ.