ಐಸಿಯು ಬಾಗಿಲಲ್ಲಿ ಒಂದು ಸಹಿ: ಎಕ್ಮೋ ಟ್ರಯಲ್‌ಗೆ ನಮ್ಮವರನ್ನು ಸೇರಿಸಬೇಕಾ?

ಎಕ್ಮೋ ಅನ್ನೋ ಹೆಸರು ಕಲಬುರಗಿ ಕಡೆ ಬಹಳಷ್ಟು ಜನರಿಗೆ ಗೊತ್ತಾಗಿದ್ದು ಟಿವಿಯಿಂದ. 2016ರಲ್ಲಿ ಜಯಲಲಿತಾ, 2020ರಲ್ಲಿ ಎಸ್‌.ಪಿ. ಬಾಲಸುಬ್ರಹ್ಮಣ್ಯಂ. ಇಬ್ಬರೂ ಉಳಿಯಲಿಲ್ಲ. ಹಾಗಾಗಿ ಯಾರಿಗೋ ಎಕ್ಮೋ ಹಾಕಿದ್ದಾರಂತೆ ಅಂದರೆ ಕೇಳಿದವರು ಅರ್ಧ ಆಸೆ ಬಿಟ್ಟಿರುತ್ತಾರೆ. ಹೃದಯವೋ ಶ್ವಾಸಕೋಶವೋ ಕೈಕೊಟ್ಟಾಗ ರಕ್ತವನ್ನು ಹೊರಗೆ ತೆಗೆದು, ಆಮ್ಲಜನಕ ಸೇರಿಸಿ, ಮತ್ತೆ ಒಳಗೆ ಕಳಿಸುವ ಯಂತ್ರ ಅದು. ಜೀವ ಉಳಿಸುತ್ತದೆ, ತನ್ನದೇ ತೊಂದರೆಗಳನ್ನೂ ತರುತ್ತದೆ. ಆ ತೊಂದರೆ ಕಡಿಮೆ ಮಾಡೋದು ಹೇಗೆ ಅಂತ ಟ್ರಯಲ್ ನಡೆಸುತ್ತಾರೆ. ಪ್ರಜ್ಞೆ ಇಲ್ಲದ ರೋಗಿಯನ್ನು ಮನೆಯವರ ಸಹಿ ಪಡೆದು ಅದಕ್ಕೆ ಸೇರಿಸೋದು ಸರಿಯಾ?

ಪರ

ನಾನು ಪರ್ಫ್ಯೂಷನಿಸ್ಟ್. ಎಕ್ಮೋ ಯಂತ್ರ ನೋಡಿಕೊಳ್ಳೋದು ನನ್ನ ಕೆಲಸ. ಊರು ಸೇಡಂ ಹತ್ತಿರ, ನೌಕರಿ ಹೈದರಾಬಾದಿನಲ್ಲಿ. ಪಾಳಿಯಲ್ಲಿದ್ದಾಗ ಮತ್ತೆ ಮತ್ತೆ ಟಾರ್ಚ್ ಹಿಡಿದು ಆಕ್ಸಿಜನೇಟರ್, ಅಂದರೆ ರಕ್ತಕ್ಕೆ ಆಮ್ಲಜನಕ ಸೇರಿಸುವ ಭಾಗ, ನೋಡುತ್ತಿರುತ್ತೇನೆ. ಒಳಗೆ ಕಪ್ಪು ಚುಕ್ಕೆ ಕಂಡರೆ ರಕ್ತ ಹೆಪ್ಪುಗಟ್ಟುತ್ತಿದೆ ಅಂತ ಅರ್ಥ. ನಿಮಿಷಕ್ಕೆ ನಾಲ್ಕೈದು ಲೀಟರ್ ರಕ್ತ ಪ್ಲಾಸ್ಟಿಕ್ ಕೊಳವೆಯಲ್ಲಿ ಓಡುತ್ತಿರುತ್ತದೆ. ಪ್ಲಾಸ್ಟಿಕ್ ತಾಗಿದರೆ ಹೆಪ್ಪುಗಟ್ಟೋದು ರಕ್ತದ ಗುಣ. ಅದಕ್ಕೆ ಹೆಪಾರಿನ್ ಅನ್ನೋ ರಕ್ತ ತೆಳು ಮಾಡುವ ಔಷಧ ಕೊಡುತ್ತೇವೆ. ಅದು ಕಡಿಮೆಯಾದರೆ ಗಡ್ಡೆ. ಜಾಸ್ತಿಯಾದರೆ ಮೂಗಿನಿಂದ, ಹೊಟ್ಟೆಯಲ್ಲಿ, ಎಲ್ಲಕ್ಕಿಂತ ಕೆಟ್ಟದೆಂದರೆ ಮಿದುಳಿನೊಳಗೆ ರಕ್ತಸ್ರಾವ.

ಹಾಗಾದರೆ ಎಷ್ಟು ಕೊಡಬೇಕು? ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ಪರೀಕ್ಷೆಗಳಿವೆ. ಒಬ್ಬ ಡಾಕ್ಟರ್ ಎಸಿಟಿ ಅನ್ನೋದನ್ನು ನೋಡಿ ಕೊಡುತ್ತಾರೆ, ಇನ್ನೊಬ್ಬರು ಎಪಿಟಿಟಿ ನೋಡಿ. ಹಗಲಿನವರು ಏರಿಸಿದ್ದನ್ನು ರಾತ್ರಿಯವರು ಇಳಿಸುತ್ತಾರೆ. ಯಾರದೂ ತಪ್ಪಲ್ಲ, ಅವರವರ ಅನುಭವ ಅವರಿಗೆ. ಆದರೆ ಇದೂ ಒಂದು ಪ್ರಯೋಗವೇ ಅಲ್ವಾ? ಯಾರ ಸಹಿಯೂ ಇಲ್ಲ, ಯಾರೂ ಲೆಕ್ಕ ಇಡುವುದಿಲ್ಲ. ಟ್ರಯಲ್‌ನಲ್ಲಿ ಇದನ್ನೇ ಲೆಕ್ಕ ಇಟ್ಟು ಮಾಡುತ್ತಾರೆ, ಮೇಲೆ ಒಂದು ಎಥಿಕ್ಸ್ ಕಮಿಟಿಯ ಕಣ್ಣೂ ಇರುತ್ತದೆ.

ಲೆಕ್ಕ ಇಟ್ಟಿದ್ದರಿಂದಲೇ ಈ ಯಂತ್ರದ ಬಗ್ಗೆ ಇಷ್ಟಾದರೂ ಗೊತ್ತಾಗಿದೆ. 1979ರಲ್ಲಿ ಅಮೆರಿಕದವರು 90 ರೋಗಿಗಳ ಟ್ರಯಲ್ ಫಲಿತಾಂಶ ಕೊಟ್ಟರು. ಎಕ್ಮೋ ಹಾಕಿದವರಲ್ಲಿ, ಹಾಕದವರಲ್ಲಿ, ಎರಡೂ ಕಡೆ ಹತ್ತರಲ್ಲಿ ಒಂಬತ್ತು ಜನ ತೀರಿಕೊಂಡಿದ್ದರು. ದೊಡ್ಡವರಿಗೆ ಇದು ಕೆಲಸಕ್ಕೆ ಬರಲ್ಲ ಅಂತ ಬಹಳ ಜನ ಕೈಬಿಟ್ಟರು. 1996ರಲ್ಲಿ ಬ್ರಿಟನ್ನಿನ 185 ನವಜಾತ ಶಿಶುಗಳ ಟ್ರಯಲ್ ಬಂತು. ಎಕ್ಮೋ ಗುಂಪಿನ 93ರಲ್ಲಿ 30 ಕೂಸುಗಳು ಹೋದವು. ಇನ್ನೊಂದು ಗುಂಪಿನ 92ರಲ್ಲಿ 54. ಕೂಸುಗಳ ವಿಷಯದಲ್ಲಿ ವಾದ ಅಲ್ಲಿಗೆ ಮುಗಿಯಿತು.

ನನ್ನ ಕಣ್ಣು ತೆರೆಸಿದ್ದು ಮಾತ್ರ 2023ರ ಜರ್ಮನಿಯ ಟ್ರಯಲ್. ಹೃದಯಾಘಾತದಿಂದ ರಕ್ತದೊತ್ತಡ ಕುಸಿದು ಶಾಕ್‌ಗೆ ಹೋದ 420 ಜನರನ್ನು ನೋಡಿದರು. 30 ದಿನದಲ್ಲಿ ಸತ್ತವರು ಎಕ್ಮೋ ಗುಂಪಿನಲ್ಲಿ ನೂರಕ್ಕೆ 47.8, ಬರೀ ಮಾಮೂಲು ಚಿಕಿತ್ಸೆಯಲ್ಲಿ 49. ವ್ಯತ್ಯಾಸವೇ ಇಲ್ಲ ಅನ್ನಬೇಕು. ಆದರೆ ಜೋರು ರಕ್ತಸ್ರಾವ 23.4 ಮತ್ತು 9.6. ಕೈಕಾಲಿನ ರಕ್ತನಾಳಕ್ಕೆ ಪೆಟ್ಟು 11 ಮತ್ತು 3.8. ನಾವು ಒಳ್ಳೆಯದಾಗಲಿ ಅಂತಲೇ ಹಾಕುತ್ತಿದ್ದೆವು. ಎಣಿಸದೇ ಹೋಗಿದ್ದರೆ ಇವತ್ತಿಗೂ ಯೋಚಿಸದೆ ಹಾಕುತ್ತಲೇ ಇರುತ್ತಿದ್ದೆವು, ಮನೆಯವರು ಹೊಲ ಮಾರಿ ಬಿಲ್ ಕಟ್ಟುತ್ತಿದ್ದರು.

ಕೋವಿಡ್ ನೆನಪಿಸಿಕೊಳ್ಳಿ. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯದು, 2020ರ ಮಾರ್ಚ್. ಆಗ ಏನು ಕೊಡಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಟ್ರಯಲ್ ಹೇಳಿತು: ಡೆಕ್ಸಾಮೆಥಾಸೋನ್ ಕೊಟ್ಟರೆ ವೆಂಟಿಲೇಟರ್ ಮೇಲಿದ್ದವರ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗುತ್ತದೆ. ಜನ ಮುಗಿಬಿದ್ದು ಕೊಂಡ ಹೈಡ್ರಾಕ್ಸಿಕ್ಲೋರೋಕ್ವಿನ್ ಉಪಯೋಗಕ್ಕಿಲ್ಲ ಅಂತಲೂ ಅದೇ ಟ್ರಯಲ್ ಹೇಳಿತು. ಅಲ್ಲೂ ಪ್ರಜ್ಞೆ ಇಲ್ಲದವರ ಪರವಾಗಿ ಬೇರೆಯವರೇ ಸಹಿ ಹಾಕಿದ್ದರು. ಅಂಥ ಸಹಿಗಳಿಂದ ನಮ್ಮ ಜಿಲ್ಲೆಯವರೂ ಬದುಕಿದರು.

ಬೇರೆಯವರ ಲೆಕ್ಕವೇ ಸಾಕಲ್ಲ ಅಂತ ಕೇಳಬಹುದು. ಸಾಲದು. ನಮ್ಮಲ್ಲಿ ಡೆಂಗಿ, ಮಲೇರಿಯಾ ಜ್ವರ ವಿಕೋಪಕ್ಕೆ ಹೋದವರು ಬರುತ್ತಾರೆ. ತೊಗರಿ, ಜೋಳಕ್ಕೆ ಹುಳು ಹತ್ತದಂತೆ ಇಡುವ ಮಾತ್ರೆಯ ವಿಷ ಏರಿದವರು ಬರುತ್ತಾರೆ. ಇಂಥ ರೋಗಿಗಳು ಜರ್ಮನಿಯ ಟ್ರಯಲ್‌ನಲ್ಲಿ ಇರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಕಲಬುರಗಿಗೆ ಜಯದೇವದ 371 ಹಾಸಿಗೆಯ ಆಸ್ಪತ್ರೆ ಬಂದಿದೆ, ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ನೆನಪಿಗೆ ಅಷ್ಟೇ ಹಾಸಿಗೆ. ಹಾಸಿಗೆ ಬಂದ ಹಾಗೆ ಸಂಶೋಧನೆಯೂ ಇಲ್ಲಿಗೇ ಬರಲಿ. ನಮ್ಮ ಭಾಷೆಯಲ್ಲೇ ತಿಳಿಸಿ ಹೇಳಲಿ. ರೋಗಿಗೆ ಎಚ್ಚರವಾದ ಮೇಲೆ ಅವರನ್ನೇ ಇನ್ನೊಮ್ಮೆ ಕೇಳಲಿ.

ವಿರೋಧ

ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಕಾಕಾ ಅವರಿಗೆ ಎಕ್ಮೋ ಹಾಕಿದಾಗ ಒಂಬತ್ತು ದಿನ ಐಸಿಯು ಹೊರಗೆ ಕೂತವನು. ಯಾವ ಊರು, ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ಬದುಕಿಸಿ ಕಳಿಸಿದ್ದಾರೆ, ಆ ಋಣ ಇದೆ.

ಎರಡನೇ ರಾತ್ರಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಹಾಳೆಗಳ ಕಟ್ಟು ಹಿಡಿದು ಬಂದರು. ಎಲ್ಲ ಇಂಗ್ಲಿಷ್. ಅವರು ಹಿಂದಿಯಲ್ಲಿ ಹೇಳಿದರು, ನಾನು ಕಾಕಾನ ಹೆಂಡತಿ, ನಮ್ಮ ಕಾಕುಗೆ ಕನ್ನಡದಲ್ಲಿ ಹೇಳಿದೆ. ರಕ್ತ ತೆಳು ಮಾಡುವ ಔಷಧ ಎರಡು ಥರ ಕೊಡಬಹುದು, ಯಾರಿಗೆ ಯಾವುದು ಅನ್ನೋದನ್ನು ಕಂಪ್ಯೂಟರ್ ಆರಿಸುತ್ತದೆ. ಕಾಕು ಒಂದೇ ಪ್ರಶ್ನೆ ಕೇಳಿದರು: "ಹಂಗಾರ ಡಾಕ್ಟರಿಗೇ ಗೊತ್ತಿಲ್ಲೇನು?"

ಸರಿಯಾದ ಪ್ರಶ್ನೆ. ಹೌದಮ್ಮ, ಗೊತ್ತಿಲ್ಲ, ತಿಳಿದುಕೊಳ್ಳೋಕೇ ಇದನ್ನು ಮಾಡುತ್ತಿದ್ದೇವೆ ಅನ್ನೋದೇ ನಿಜವಾದ ಉತ್ತರ. ಅದನ್ನು ಯಾರೂ ಹೇಳಲಿಲ್ಲ. "ಎರಡೂ ಚಲೋ ಅವ" ಅಂತ ನಾನೇ ಸುಮ್ನೆ ಹೇಳಿಬಿಟ್ಟೆ. ಆಮೇಲೆ ಕಾಕು ಮೆಲ್ಲಗೆ, "ಬ್ಯಾಡ ಅಂದ್ರ ಮಷೀನ್ ತೆಗೀತಾರೇನು?" ಅಂದರು. ಬೇಡ ಅಂದರೂ ಚಿಕಿತ್ಸೆಗೆ ಏನೂ ಕಮ್ಮಿಯಾಗಬಾರದು ಅಂತ ನಿಯಮವಿದೆ. ಓದಲು ಬಾರದವರಾದರೆ ಸಂಬಂಧವಿಲ್ಲದ ಸಾಕ್ಷಿ ಒಬ್ಬರು ಇರಬೇಕು ಅಂತ ಔಷಧ ಟ್ರಯಲ್‌ಗಳ 2019ರ ನಿಯಮಗಳೂ ಹೇಳುತ್ತವೆ. ಆ ಹೊತ್ತಿನಲ್ಲಿ ಇದೆಲ್ಲ ಯಾರಿಗೆ ಹೊಳೆಯುತ್ತದೆ? ಕಾಕು ಹೆಬ್ಬೆಟ್ಟು ಒತ್ತಿದರು. ಸಾಕ್ಷಿ ಅಂತ ಸಹಿ ಹಾಕಿದವನು ನಾನೇ, ಕಾಕಾನ ಸ್ವಂತ ಅಣ್ಣನ ಮಗ.

ಇದು ನಮ್ಮೊಬ್ಬರ ಕಥೆ ಅನ್ನಬೇಡಿ. ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆಯಿತು. ಎಷ್ಟೋ ಮಕ್ಕಳ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. ಗಲಾಟೆಯಾಗಿ 2010ರಲ್ಲಿ ನಿಲ್ಲಿಸಿದರು. ಲಸಿಕೆ ಒಳ್ಳೆಯದೇ ಇರಬಹುದು, ನನ್ನ ಮಾತು ಆ ಸಹಿಗಳ ಬಗ್ಗೆ.

ಪರಿಹಾರದ್ದು ಇನ್ನೊಂದು ಗೋಜಲು. ಟ್ರಯಲ್‌ನಿಂದ ಹಾನಿಯಾದರೆ ಪರಿಹಾರ ಕೊಡಬೇಕು ಅಂತ ಕಾನೂನು. ಬೇರೆ ಔಷಧದ ಟ್ರಯಲ್‌ನಲ್ಲಿ ಮೈಮೇಲೆ ದದ್ದು ಎದ್ದರೆ ಎಲ್ಲಿಂದ ಬಂತು ಅಂತ ಹುಡುಕಬಹುದು. ಇಲ್ಲಿ ಟ್ರಯಲ್ ನಡೆಯೋದೇ ರಕ್ತಸ್ರಾವದ ಮೇಲೆ. ಯಂತ್ರದಿಂದಲೂ ಅದೇ ರಕ್ತಸ್ರಾವ, ಔಷಧದಿಂದಲೂ ಅದೇ. ಯಾವುದು ಟ್ರಯಲ್‌ದು, ಯಾವುದು ಹಣೆಬರಹದ್ದು ಅಂತ ವಿಂಗಡಿಸೋರು ಯಾರು?

ಲೆಕ್ಕದ ಮಾತಿಗೆ ಬಂದರೆ, ಅದಕ್ಕೂ ಬೆಲೆ ಇದೆ. 1985ರಲ್ಲಿ ಅಮೆರಿಕದ 12 ಕೂಸುಗಳ ಟ್ರಯಲ್ ಪ್ರಕಟವಾಯಿತು. ಎಕ್ಮೋ ಸಿಕ್ಕ 11 ಉಳಿದವು. ಹಳೆಯ ಚಿಕಿತ್ಸೆಯ ಪಾಲಿಗೆ ಬಂದದ್ದು ಒಂದೇ ಕೂಸು. ಅದು ಉಳಿಯಲಿಲ್ಲ. ಆ ತಾಯಿಯ ಜಾಗದಲ್ಲಿ ಕಾಕುವನ್ನು ಕೂರಿಸಿ ನೋಡುತ್ತೇನೆ. ಇನ್ನು ದೊಡ್ಡವರ ಶ್ವಾಸಕೋಶದ ಟ್ರಯಲ್, 249 ಜನ, 2018ರಲ್ಲಿ ಪ್ರಕಟವಾದದ್ದು. ಮಾಮೂಲು ಚಿಕಿತ್ಸೆಯ ಗುಂಪಿನಲ್ಲಿ ಸಾಯುವ ಹಂತಕ್ಕೆ ಬಂದವರಿಗೆ ಕೊನೆಗೆ ಎಕ್ಮೋ ಹಾಕಿಯೇ ಬಿಟ್ಟರು, ನೂರಕ್ಕೆ 28 ಜನರಿಗೆ. ಮನುಷ್ಯರು ಮಾಡಬೇಕಾದ್ದನ್ನೇ ಮಾಡಿದರು. ಆದರೆ 60 ದಿನದ ಸಾವು ಎಕ್ಮೋ ಗುಂಪಿನಲ್ಲಿ ನೂರಕ್ಕೆ 35, ಇನ್ನೊಂದರಲ್ಲಿ 46 ಅಂತ ಬಂದರೂ ಅದನ್ನು ಖಚಿತ ಅನ್ನೋಕಾಗಲಿಲ್ಲ, ಚರ್ಚೆ ಉಳಿಯಿತು.

ಪರ ಬರೆದವರು ಸಂಶೋಧನೆ ಇಲ್ಲಿಗೇ ಬರಲಿ ಅನ್ನುತ್ತಾರೆ. ಬರಲಿ. ಮೊದಲು ಕನ್ನಡದಲ್ಲಿ ಬರೆದ ಹಾಳೆ ಬರಲಿ, ನಮ್ಮ ಮಾತು ಬಲ್ಲವರು ಬಂದು ಎದುರಿಗೆ ಕೂರಲಿ. ಅಲ್ಲಿಯವರೆಗೆ ನನ್ನ ಉತ್ತರ ಬೇಡ ಅಂತಲೇ.

ಕಾಕಾ ಮನೆಗೆ ಬಂದರು. ಕೊಳವೆ ಹಾಕಿದ್ದ ಎಡಗಾಲಿನ ಪಾದ ಈಗಲೂ ಜೋಮು, ಚಪ್ಪಲಿ ಜಾರಿ ಬಿದ್ದರೂ ಗೊತ್ತಾಗುವುದಿಲ್ಲ. ಆರು ತಿಂಗಳಾದ ಮೇಲೆ ಟ್ರಯಲ್ ಕಡೆಯಿಂದ ಒಂದು ಫೋನ್ ಬಂತು. ಕಾಕು ಎತ್ತಿದರು. ಆ ಕಡೆಯವರು ಹಿಂದಿಯಲ್ಲಿ, ನಡೆಯುತ್ತಾರಾ ಅಂತ ಕೇಳಿದರು. ಕಾಕಾ ಆಗ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದರು. ಕಾಕು ಅವರನ್ನು ನೋಡುತ್ತಲೇ "ಹಾಂಜೀ" ಅಂದರು. ಆ ಕಡೆ ಫೋನ್ ಇಟ್ಟರು.